ಬ್ರೀಚ್ ಅಂದರೆ ಮುರಿದದ್ದು ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಿಗೆ ಬರುವ ಇಂಗ್ಲಿಷ್ ನೋಟಿಸ್, ಕರಾರು ಪತ್ರ, ಬ್ಯಾಂಕಿನ ಕಾಗದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಕೆಲಸ. ಆ ಕಾಗದಗಳಲ್ಲಿ ಜನರನ್ನು ಜಾಸ್ತಿ ಗಾಬರಿ ಮಾಡುವ ಶಬ್ದ 'ಬ್ರೀಚ್'. ಶಬ್ದ ಒಂದೇ. ಆದರೆ ಒಂದು ಕಾಗದದಲ್ಲಿ ಅದು ದುಡ್ಡಿನ ತಕರಾರು, ಇನ್ನೊಂದರಲ್ಲಿ ಪೊಲೀಸ್ ಕೇಸು, ಮತ್ತೊಂದರಲ್ಲಿ ಕಾಲುವೆ ನೀರು. ಎಲ್ಲದಕ್ಕೂ 'ಉಲ್ಲಂಘನೆ' ಅಂತ ಬರೆದು ಕೈತೊಳೆದುಕೊಂಡರೆ, ಓದಿದವರಿಗೆ ವಕೀಲರ ಹತ್ತಿರ ಹೋಗಬೇಕೋ, ಠಾಣೆಗೆ ಹೋಗಬೇಕೋ, ಸುಮ್ನೆ ಮನೆಯಲ್ಲಿ ಇರಬಹುದೋ ತಿಳಿಯುವುದಿಲ್ಲ. ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು, ಅವರು ಕೇಳುವ ಮಾತಿನಲ್ಲೇ, ಇಲ್ಲಿ ಇಟ್ಟಿದ್ದೇನೆ.

ಮೊದಲು ಇದನ್ನು ಹೇಳಿ: ಬ್ರೀಚ್ ಅಂದರೆ ಏನು?

ಇಂಗ್ಲಿಷಿನ 'ಬ್ರೇಕ್' ಶಬ್ದಕ್ಕೆ ಇದು ನೆಂಟ. ತಡೆದು ನಿಂತದ್ದು ಒಂದು ಕಡೆ ಬಿಟ್ಟುಕೊಡುವುದು ಅಂತ ಅರ್ಥ. ತಡೆದು ನಿಂತದ್ದು ಮಣ್ಣಿನ ದಂಡೆ ಇರಬಹುದು, ಕೋಟೆ ಗೋಡೆ ಇರಬಹುದು, ಕೊಟ್ಟ ಮಾತು ಇರಬಹುದು, ಕಾನೂನು ಇರಬಹುದು.

ಕನ್ನಡದಲ್ಲಿ ನಾವು ಇದಕ್ಕೆಲ್ಲ ಒಂದೇ ಶಬ್ದ ಬಳಸುವುದಿಲ್ಲ. ಕಾಲುವೆ ಒಡೆಯುತ್ತದೆ. ಕರಾರು ಮುರಿಯುತ್ತದೆ. ಮಾತಿಗೆ ತಪ್ಪುತ್ತಾರೆ. ನಿಯಮ ಮೀರುತ್ತಾರೆ. ನಂಬಿಕೆಗೆ ದ್ರೋಹ ಮಾಡುತ್ತಾರೆ. ಶಾಂತಿ ಕದಡುತ್ತಾರೆ. ಆದ್ದರಿಂದ ಕಾಗದದಲ್ಲಿ ಬ್ರೀಚ್ ಕಂಡ ಕೂಡಲೇ ಅದರ ಪಕ್ಕದ ಶಬ್ದ ನೋಡಿ. ಬ್ರೀಚ್ ಆಫ್ ಕಾಂಟ್ರಾಕ್ಟ್, ಬ್ರೀಚ್ ಆಫ್ ಟ್ರಸ್ಟ್, ಬ್ರೀಚ್ ಆಫ್ ಪೀಸ್. ಆ ಕೊನೆಯ ಶಬ್ದದ ಮೇಲೆಯೇ ನೀವು ಮುಂದೆ ಮಾಡಬೇಕಾದದ್ದು ನಿಂತಿದೆ.

ನೀರಾವರಿ ಇಲಾಖೆಯವರು 'ಕೆನಾಲ್ ಬ್ರೀಚ್' ಅನ್ನುತ್ತಾರಲ್ಲ, ಅದು ಯಾವುದು?

ಕಾಲುವೆಯ ದಂಡೆ ಒಡೆದು ನೀರು ಹೊರಗೆ ನುಗ್ಗುವುದು. 'ಬೋಂಗಾ ಬಿದ್ದಿದೆ' ಅನ್ನುವುದೂ ಉಂಟು. ಕೆರೆ ಕೋಡಿ ಬೀಳುವುದು ಬೇರೆ. ಕೋಡಿ ಅಂದರೆ ನೀರು ಹೋಗಲಿ ಅಂತಲೇ ಕಟ್ಟಿದ ದಾರಿ. ಅದು ಬ್ರೀಚ್ ಅಲ್ಲ.

ನಮ್ಮ ಮೂರೂ ಜಿಲ್ಲೆಗೆ ಈ ಅರ್ಥ ಹೊಸದಲ್ಲ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ಬಿಟ್ಟದ್ದು ಬ್ರಿಟಿಷರ ಕಾಲದಲ್ಲಿ. ಆಮೇಲೆ ಹಿಡಕಲ್ ಬಂತು, ಸವದತ್ತಿ ಹತ್ತಿರ ಮಲಪ್ರಭೆಗೆ ನವಿಲುತೀರ್ಥ ಬಂತು, ಕೃಷ್ಣೆಗೆ ಆಲಮಟ್ಟಿ ಬಂತು. ಕಾಲುವೆ ಇದ್ದಲ್ಲಿ ದಂಡೆ ಒಡೆಯುವ ಭಯವೂ ಇದ್ದೇ ಇರುತ್ತದೆ.

ಒಡೆಯುವುದಕ್ಕೆ ಕಾರಣ ಹಲವು. ಏಡಿ, ಹೆಗ್ಗಣ ಕೊರೆದ ತೂತು. ದಂಡೆಯ ಮೇಲೆ ಬೆಳೆದ ಗಿಡದ ಬೇರು. ಹೂಳು ತುಂಬಿ ನೀರು ಅಳತೆ ಮೀರಿ ಏರುವುದು. ನಮ್ಮ ಎರೆಮಣ್ಣಿನ ಸ್ವಭಾವವೂ ಒಂದು ಕಾರಣ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲೆ ಹಾಕಿದ ಕಾಂಕ್ರೀಟ್ ಅದರ ಜೊತೆ ಏರಿ ಇಳಿದು ಸೀಳುತ್ತದೆ. ಅದಕ್ಕೇ ಎರೆಭೂಮಿಯಲ್ಲಿ ಕಾಲುವೆ ಮಾಡುವಾಗ ಕಾಂಕ್ರೀಟಿನ ಕೆಳಗೆ ಉಬ್ಬದ ಗರಸು ಮಣ್ಣಿನ ದಪ್ಪ ಪದರ ಹಾಕಬೇಕು. ಆ ಪದರದಲ್ಲಿ ಕಳ್ಳತನ ಆದರೆ ಒಂದೆರಡು ಹಂಗಾಮಿನಲ್ಲೇ ಗೊತ್ತಾಗುತ್ತದೆ.

ದಂಡೆ ಒಡೆಯುವ ಮೊದಲು ಗುರುತು ಸಿಗುತ್ತದಾ?

ಬಹಳ ಸಲ ಸಿಗುತ್ತದೆ. ಕಾಲುವೆ ಪಕ್ಕ ಹೊಲ ಇದ್ದವರು ಇದನ್ನು ತಿಳಿದಿರಲೇಬೇಕು. ದಂಡೆಯ ಹೊರಗಿನ ಇಳಿಜಾರಿನಲ್ಲಿ, ಕಾಲ್ಬುಡದಲ್ಲಿ, ಒದ್ದೆ ಆಗಿ ನೀರು ಜಿನುಗುತ್ತದೆ. ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಸುಮ್ನೆ ಸೋರಿಕೆ ಇರಬಹುದು, ಆದರೂ ತಿಳಿಸಿ. ಕದಡಿ ಕಪ್ಪಗೆ ಬರುತ್ತಿದ್ದರೆ ನೀರಿನ ಜೊತೆ ದಂಡೆಯ ಮಣ್ಣೂ ಬರುತ್ತಿದೆ ಅಂತ. ಒಳಗೆ ಕೊಳವೆಯ ಹಾಗೆ ದಾರಿ ಕೊರೆಯುತ್ತಿದೆ. ಆಗ ಕಾಯಬಾರದು. ಇಲಾಖೆಯ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ, ಮೇಲಿನ ಗೇಟ್ ಇಳಿಸಲು ಹೇಳಿ. ಉಸುಕಿನ ಚೀಲವನ್ನು ಜಿನುಗುವ ಜಾಗದ ಮೇಲೆ ಒತ್ತಿ ಮುಚ್ಚುವುದಲ್ಲ, ಸುತ್ತಲೂ ಉಂಗುರದ ಹಾಗೆ ಇಟ್ಟು ನೀರು ಅಲ್ಲೇ ನಿಂತು ಏರುವಂತೆ ಮಾಡುವುದು. ನಿಂತ ನೀರು ಒಳಗಿನ ಒತ್ತಡಕ್ಕೆ ಎದುರು ಒತ್ತು ಕೊಡುತ್ತದೆ, ಮಣ್ಣು ಬರುವುದು ತಗ್ಗುತ್ತದೆ.

ಯಾರೋ ಬೇಕಂತಲೇ ದಂಡೆ ಕಡಿದರೆ ಅದೂ ಬ್ರೀಚ್ ತಾನೆ?

ಇಂಗ್ಲಿಷ್ ವರದಿಯಲ್ಲಿ ಎರಡಕ್ಕೂ ಬ್ರೀಚ್ ಅಂತಲೇ ಬರೆಯುತ್ತಾರೆ. ಕನ್ನಡದಲ್ಲಿ ಒಡೆದದ್ದು, ಒಡೆದು ಹಾಕಿದ್ದು ಬೇರೆ ಬೇರೆ. ಎರಡನೆಯದು ಅಪರಾಧ. ಕರ್ನಾಟಕ ನೀರಾವರಿ ಕಾಯ್ದೆ 1965 ಅದನ್ನು ತಡೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ ಪ್ರಕಾರ ಬೇಸಾಯದ ನೀರು ಕಡಿಮೆ ಆಗುವ ಹಾಗೆ ಹಾನಿ ಮಾಡಿದರೆ 5 ವರ್ಷದವರೆಗೆ ಜೈಲು ಇದೆ. ಪರಿಹಾರದ ಅರ್ಜಿ ಬರೆಯುವಾಗ ದಂಡೆ ತಾನಾಗಿ ಒಡೆಯಿತೋ, ಯಾರಾದರೂ ಕಡಿದರೋ ಅನ್ನುವುದನ್ನು ಬಿಡಿಸಿ ಬರೆಯಿರಿ.

ಕೋಟೆಗೂ ಈ ಶಬ್ದ ಬಳಸುತ್ತಾರಂತೆ?

ಹೌದು. ಇಂಗ್ಲಿಷಿನ ಹಳೆ ಯುದ್ಧದ ಬರಹಗಳಲ್ಲಿ ಇದೇ ಮುಖ್ಯ ಅರ್ಥ. ಫಿರಂಗಿಯಿಂದ ಹೊಡೆದು ಗೋಡೆಯಲ್ಲಿ ಸೈನಿಕರು ನುಗ್ಗುವಷ್ಟು ಕಂಡಿ ಮಾಡುವುದು ಬ್ರೀಚ್. ಕಿತ್ತೂರಿನ ಕಥೆ ಇಂಗ್ಲಿಷಿನಲ್ಲಿ ಓದುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಬಿದ್ದ, ಚೆನ್ನಮ್ಮನ ಕಡೆಯವರು ಗೆದ್ದರು. ಡಿಸೆಂಬರಿನಲ್ಲಿ ಕಂಪನಿಯವರು ದೊಡ್ಡ ದಂಡು, ದೊಡ್ಡ ಫಿರಂಗಿ ತಂದರು. ಆಗ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಇಂಥ ಕಡೆ ಬ್ರೀಚ್ ಅಂದರೆ 'ಉಲ್ಲಂಘನೆ' ಅಂತ ಬರೆದ ಅನುವಾದ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕೋಟೆಯ ಗೋಡೆ ಬಿರಿಯಿತು ಅನ್ನಿ, ಕಂಡಿ ಬಿತ್ತು ಅನ್ನಿ.

'ಸ್ಟೆಪ್ ಇನ್‌ಟು ದ ಬ್ರೀಚ್' ಅನ್ನುವ ಮಾತೂ ಇಲ್ಲಿಂದಲೇ ಬಂದದ್ದು. ಗೋಡೆ ಬಿದ್ದ ಜಾಗದಲ್ಲಿ ತಾನೇ ಹೋಗಿ ನಿಲ್ಲುವುದು. ಈಗ ಅದಕ್ಕೆ ಹೊತ್ತಿಗೆ ಒದಗಿದ, ಇನ್ನೊಬ್ಬರ ಜಾಗಕ್ಕೆ ನಿಂತ ಅಂತ ಅರ್ಥ. ಯಾರಿಗಾದರೂ ಕೊಟ್ಟ ಸರ್ಟಿಫಿಕೇಟಿನಲ್ಲಿ ಈ ಮಾತಿದ್ದರೆ ಅದು ಹೊಗಳಿಕೆ.

ವ್ಯಾಪಾರಿ ಮಾತು ಕೊಟ್ಟು ದ್ರಾಕ್ಷಿ ಒಯ್ಯಲಿಲ್ಲ. ಇದು 'ಬ್ರೀಚ್ ಆಫ್ ಕಾಂಟ್ರಾಕ್ಟ್' ಆಗುತ್ತದಾ?

ಆಗುತ್ತದೆ. ಕರಾರು ಮುರಿದದ್ದು. ಇದಕ್ಕೆ ಭಾರತೀಯ ಕರಾರು ಕಾಯ್ದೆ 1872 ಇದೆ. ವಿಜಯಪುರ, ತಿಕೋಟಾ ಕಡೆಯಿಂದ ಈ ಪ್ರಶ್ನೆ ಬಹಳ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾತು ಬಾಯಲ್ಲೇ ಆಗಿದ್ದರೂ ಕರಾರು ಕರಾರೇ. ಬಾಂಡ್ ಪೇಪರ್ ಇರಲೇಬೇಕು ಅಂತ ಇಲ್ಲ. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಅಡ್ವಾನ್ಸ್ ಹಾಕಿದ ಯುಪಿಐ ದಾಖಲೆ, ದರ ಮಾತಾಡಿದ ವಾಟ್ಸಾಪ್, ತೂಕದ ಚೀಟಿ, ತೋಟಕ್ಕೆ ಬಂದಾಗ ಪಕ್ಕದಲ್ಲಿ ಇದ್ದವರು, ಎಲ್ಲವೂ ಸಾಕ್ಷಿ. ವಾಟ್ಸಾಪ್ ಸಂದೇಶವನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ನೀವು ಮಾಡಬೇಕಾದದ್ದು ಒಂದೇ. ಆ ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಮಾರಬೇಡಿ.

ಇನ್ನು ಪರಿಹಾರ. ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ, ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟ ಸಿಗುತ್ತದೆ, ದೂರದ ನಷ್ಟ ಸಿಗುವುದಿಲ್ಲ. ಉದಾಹರಣೆಗೆ ಕಿಲೋಗೆ 40 ರೂಪಾಯಿಗೆ 10 ಟನ್ ಮಾತಾಗಿತ್ತು. ಅವರು ಬರಲಿಲ್ಲ. ನೀವು ಬೇರೆಯವರಿಗೆ 32ಕ್ಕೆ ಮಾರಿದಿರಿ. ಕಿಲೋಗೆ 8 ರೂಪಾಯಿಯಂತೆ 80,000 ರೂಪಾಯಿ ನಷ್ಟ. ಇದನ್ನು ಕೇಳಬಹುದು. ಆ ದುಡ್ಡು ಬರಲಿಲ್ಲ ಅಂತ ಮಗಳ ಮದುವೆ ಮುಂದಕ್ಕೆ ಹೋಯಿತು, ಅದರ ಖರ್ಚೂ ಕೊಡಿ ಅಂದರೆ ಕೋರ್ಟು ಕೊಡುವುದಿಲ್ಲ.

ಸಿಟ್ಟಿನಲ್ಲಿ ಹಣ್ಣನ್ನು ಗಿಡದಲ್ಲೇ ಬಿಟ್ಟು ಕೊಳೆಸಿ ಪೂರ್ತಿ ದುಡ್ಡು ಕೇಳುವುದೂ ನಡೆಯುವುದಿಲ್ಲ. ನಷ್ಟ ಕಡಿಮೆ ಮಾಡಲು ನಿಮ್ಮ ಕೈಲಾದದ್ದು ಮಾಡಿದಿರಾ ಅಂತ ಕೇಳೇ ಕೇಳುತ್ತಾರೆ. ಆದದ್ದಕ್ಕೆ ಮಾರಿ, ರಸೀದಿ ಇಟ್ಟುಕೊಳ್ಳಿ. ಈ ಒಂದು ಮಾತನ್ನು ನಾನು ಪ್ರತಿ ಹಂಗಾಮಿನಲ್ಲೂ ಹೇಳುತ್ತಲೇ ಇರುತ್ತೇನೆ, ಯಾಕೆಂದರೆ ಹಣ್ಣಿಗೂ ಕೋರ್ಟಿಗೂ ಒಂದೇ ಗಡಿಯಾರ ಇಲ್ಲ.

ಗಡುವು ಇನ್ನೂ ಇದೆ, ಆದರೆ 'ನಾನು ಒಯ್ಯುವುದಿಲ್ಲ' ಅಂತ ಈಗಲೇ ಫೋನಿನಲ್ಲಿ ಹೇಳಿಬಿಟ್ಟರು. ಕಾಯಬೇಕಾ?

ಕಾಯಲೇಬೇಕು ಅಂತ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ 'ಆ್ಯಂಟಿಸಿಪೇಟರಿ ಬ್ರೀಚ್' ಅನ್ನುತ್ತಾರೆ. ಅಂದರೆ ದಿನ ಬರುವ ಮೊದಲೇ ಕೈಕೊಡುವುದು. 39ನೇ ಕಲಂ ಪ್ರಕಾರ ನೀವು ಕರಾರು ಮುಗಿಯಿತು ಅಂತ ತಿಳಿದು ಬೇರೆಯವರಿಗೆ ಮಾರಬಹುದು, ನಷ್ಟವನ್ನೂ ಕೇಳಬಹುದು. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಮೆಸೇಜಿನಲ್ಲಿ ಬರೆದು ಅವರಿಗೆ ಕಳಿಸಿ: 'ನೀವು ಇವತ್ತು ಫೋನಿನಲ್ಲಿ ಮಾಲು ಬೇಡ ಅಂದಿರಿ, ಹಾಗಾಗಿ ಬೇರೆಯವರಿಗೆ ಕೊಡುತ್ತಿದ್ದೇನೆ.' ಅಷ್ಟು ಸಾಕು.

ಕಬ್ಬಿನ ಬಿಲ್ಲು ತಡ ಮಾಡಿದರೆ ಅದೂ ಕರಾರು ಮುರಿದ ಹಾಗೇ ಅಲ್ವಾ?

ಅದಕ್ಕಿಂತ ಜಾಸ್ತಿ. ಕಬ್ಬಿಗೆ ಸರ್ಕಾರದ ಆದೇಶವೇ ಇದೆ, 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಮುಟ್ಟಿದ 14 ದಿನದ ಒಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಹಾಗಾಗಿ ಇದು ಬರೀ ಇಬ್ಬರ ನಡುವಿನ ಮಾತು ಮುರಿದದ್ದಲ್ಲ, ಕಾನೂನು ಮೀರಿದ್ದು. ಅರ್ಜಿ ಜಿಲ್ಲಾಧಿಕಾರಿಗೆ, ಕಬ್ಬು ಅಭಿವೃದ್ಧಿ ಆಯುಕ್ತರಿಗೆ ಹೋಗಬಹುದು. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ರೈತರು ಅರ್ಜಿಯಲ್ಲಿ ಬರೀ ಬಾಕಿ ಕೇಳಿ ಬಡ್ಡಿ ಬಿಟ್ಟುಬಿಡುತ್ತಾರೆ. ಬಡ್ಡಿ ನಿಮ್ಮ ಹಕ್ಕು. ಬರೆಯಿರಿ.

'ಬ್ರೀಚ್ ಆಫ್ ಟ್ರಸ್ಟ್' ಅಂದರೆ ನಂಬಿಸಿ ಮೋಸ ಮಾಡಿದ್ದಾ?

ಜನ ಹಾಗೇ ಅಂದುಕೊಳ್ಳುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. 'ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್' ಅಂದರೆ ನಿಮ್ಮ ವಸ್ತುವನ್ನು ಇಟ್ಟುಕೋ, ನೋಡಿಕೋ ಅಂತ ಒಬ್ಬರ ಕೈಗೆ ಒಪ್ಪಿಸಿದ್ದಿರಿ, ಅವರು ಅದನ್ನು ತಮ್ಮದು ಮಾಡಿಕೊಂಡರು ಅಂತ. ಒಪ್ಪಿಸಿದ್ದು ಇರಲೇಬೇಕು. ಕನ್ನಡದಲ್ಲಿ ನಂಬಿಕೆ ದ್ರೋಹ.

ಒಂದೇ ಒಣದ್ರಾಕ್ಷಿಯ ಎರಡು ಕಥೆ ನೋಡಿ. ನೀವು ವ್ಯಾಪಾರಿಗೆ ಉದ್ದರಿ ಮಾರಿದಿರಿ. ಅವರು ದುಡ್ಡು ಕೊಡಲಿಲ್ಲ. ಮಾರಿದ ಮೇಲೆ ಮಾಲು ಅವರದ್ದು. ನಿಮಗೆ ಬರಬೇಕಾದದ್ದು ದುಡ್ಡು ಮಾತ್ರ. ಇದು ಕರಾರು ಮುರಿದದ್ದು, ಸಿವಿಲ್ ಕೋರ್ಟಿನ ವಿಷಯ. ಇನ್ನೊಂದು ಕಥೆ: ನೀವು ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಚೀಟಿ ತಂದಿರಿ. ದರ ಬಂತು ಅಂತ ಹೋದಾಗ ಪೆಟ್ಟಿಗೆಗಳೇ ಇಲ್ಲ, ಮಾಲೀಕರು ಮಾರಿಬಿಟ್ಟಿದ್ದಾರೆ. ಮಾಲು ಇನ್ನೂ ನಿಮ್ಮದೇ ಆಗಿತ್ತು. ಇದು ನಂಬಿಕೆ ದ್ರೋಹ, ಠಾಣೆಗೆ ಹೋಗುವ ವಿಷಯ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. ಸಾಮಾನ್ಯರಿಗೆ 5 ವರ್ಷದವರೆಗೆ, ಗೋದಾಮು ನಡೆಸುವವರು ಮಾಡಿದರೆ 7 ವರ್ಷದವರೆಗೆ ಜೈಲು. ಒಪ್ಪಿಸಿದ್ದಕ್ಕೆ ಆ ಚೀಟಿಯೇ ಸಾಕ್ಷಿ. ಅದನ್ನು ಬೀರುವಿನಲ್ಲಿ ಇಡಿ, ಫೋಟೋ ಹೊಡೆದು ಇಟ್ಟುಕೊಳ್ಳಿ.

2024ರಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಖಡಾಖಂಡಿತ ಹೇಳಿತು. ದೆಹಲಿ ರೇಸ್ ಕ್ಲಬ್ಬಿಗೆ ಕುದುರೆ ಕಾಳು ಮಾರಿದವರಿಗೆ ಬಾಕಿ ಬಂದಿರಲಿಲ್ಲ. ಮಾರಾಟದಲ್ಲಿ ಒಪ್ಪಿಸುವ ಮಾತೇ ಬರುವುದಿಲ್ಲ, ಇದು ನಂಬಿಕೆ ದ್ರೋಹ ಆಗದು ಅಂತ ಕೋರ್ಟು ಕೇಸು ರದ್ದು ಮಾಡಿತು. ಬಾಕಿ ವಸೂಲಿಗೆ ಅಂತ ಠಾಣೆಗೆ ಅಲೆಯುವ ನಮ್ಮ ರೈತರು ಈ ತೀರ್ಪನ್ನು ತಿಳಿಯಬೇಕು. ಠಾಣೆಯಲ್ಲಿ ಹೋದ ತಿಂಗಳುಗಳನ್ನು ಸಿವಿಲ್ ದಾವೆಗೆ ಬಳಸಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು.

ಹಾಗಾದರೆ ಅಡ್ವಾನ್ಸ್ ತಗೊಂಡು ಬಾರದ ಕಬ್ಬು ಕಡಿಯುವ ಗ್ಯಾಂಗಿನ ಮೇಲೆ ಕೇಸು ಹಾಕಲು ಬರುವುದಿಲ್ಲವಾ?

ಬರಬಹುದು. ಅದು ಮೋಸದ ಕೇಸು ಆಗಬೇಕಾದರೆ ದುಡ್ಡು ತಗೊಂಡ ದಿನವೇ ಬರುವ ಮನಸ್ಸು ಇರಲಿಲ್ಲ ಅಂತ ತೋರಿಸಬೇಕು. ಒಂದೇ ಗ್ಯಾಂಗನ್ನು ತೋರಿಸಿ ಮೂರು ಕಡೆ ಅಡ್ವಾನ್ಸ್ ಎತ್ತಿದ್ದರೆ ಅದು ತೋರಿಸಿದ ಹಾಗೆ. ಬರಲು ಹೊರಟು, ಮನೆಯಲ್ಲಿ ಸಾವಾಗಿ ಬಾರದೆ ಹೋದರೆ ಅದು ಮೋಸ ಅಲ್ಲ. ಆಗ ಉಳಿಯುವುದು ದುಡ್ಡು ವಾಪಸ್ ಕೇಳುವ ಹಕ್ಕು ಮಾತ್ರ.

ಕೆಲಸಕ್ಕೆ ಸೇರುವಾಗ ಬಾಂಡ್ ಬರೆಸಿಕೊಂಡಿದ್ದಾರೆ. ಮಧ್ಯದಲ್ಲಿ ಬಿಟ್ಟರೆ 'ಬ್ರೀಚ್' ಅಂತೆ. ಜೈಲು ಆಗುತ್ತದಾ?

ಇಲ್ಲ. ಇದು ಕರಾರಿನ ಬ್ರೀಚ್, ದುಡ್ಡಿನ ವಿಷಯ. ಆದರೆ ಬಾಂಡ್‌ಗೆ ಬೆಲೆಯೇ ಇಲ್ಲ ಅಂದುಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ಕೆಲಸ ಮಾಡಬೇಕು, ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟು ಸರಿ ಅಂದಿದೆ. ಖಾಸಗಿ ಕಂಪನಿ ಮನಸ್ಸಿಗೆ ಬಂದ ಮೊತ್ತ ಬರೆದಿದ್ದರೆ ಪೂರ್ತಿ ಸಿಗಲೇಬೇಕು ಅಂತಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬಾಂಡಿನಲ್ಲಿ ಬರೆದದ್ದು ಮಿತಿ. ಅದರೊಳಗೆ ನ್ಯಾಯವಾದದ್ದು ಎಷ್ಟೋ ಅಷ್ಟು. ಮೂಲ ಸರ್ಟಿಫಿಕೇಟ್ ಇಟ್ಟುಕೊಂಡು ಹೆದರಿಸುವವರಿದ್ದರೆ ಸಹಿ ಹಾಕುವ ಮೊದಲೇ ದೊಡ್ಡವರನ್ನು ಕೇಳಿ.

ತಹಶೀಲ್ದಾರ್ ಆಫೀಸಿನಿಂದ 'ಬ್ರೀಚ್ ಆಫ್ ಪೀಸ್' ನೋಟಿಸ್ ಬಂದಿದೆ. ನಾನೇನೂ ಮಾಡಿಲ್ಲ!

ಮಾಡಿಲ್ಲದಿದ್ದರೂ ಬರಬಹುದು. ಶಾಂತಿಭಂಗ ಆಗಬಹುದು ಅನ್ನುವ ಅನುಮಾನಕ್ಕೆ ಈ ನೋಟಿಸ್. ಬದುವಿನ ಜಗಳ, ಜಾತ್ರೆ, ಗಣಪತಿ ಹಬ್ಬ, ಚುನಾವಣೆ ಬಂದಾಗ ಪೊಲೀಸರ ವರದಿ ಮೇಲೆ ಕಳಿಸುತ್ತಾರೆ. ಮೊದಲು ಇದಕ್ಕೆ 107 ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅದು 126ನೇ ಕಲಂ. ಜಗಳ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಲು ಹೇಳುತ್ತಾರೆ, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ. ಇದು ಶಿಕ್ಷೆ ಅಲ್ಲ, ನೀವು ಅಪರಾಧಿ ಅಂತ ತೀರ್ಪೂ ಅಲ್ಲ. ನಿಮ್ಮ ಮಾತು ಹೇಳುವ ಅವಕಾಶ ಇದೆ. ಆದರೆ ಹೋಗದೆ ಇರಬೇಡಿ. ಮುಚ್ಚಳಿಕೆ ಕೊಟ್ಟು ಆಮೇಲೆ ಜಗಳ ಮಾಡಿದರೆ ಬರೆದ ಮೊತ್ತ ಕಟ್ಟಬೇಕಾಗುತ್ತದೆ.

ಎಫ್‌ಐಆರ್‌ನಲ್ಲೂ ಇದೇ ಶಬ್ದ ಬರುತ್ತದೆ. ಶಾಂತಿ ಕೆಡಲಿ ಅಂತ ಬೇಕಂತ ಬೈದು ಅವಮಾನ ಮಾಡುವುದು. ಮೊದಲು ಎಲ್ಲರ ಬಾಯಲ್ಲಿ 504 ಅಂತ ಇದ್ದದ್ದು ಈಗ ನ್ಯಾಯ ಸಂಹಿತೆಯ 352ನೇ ಕಲಂ. ಇದು ಅಪರಾಧ, 2 ವರ್ಷದವರೆಗೆ ಶಿಕ್ಷೆ ಇದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಬೆಳಗಾವಿ ಅಧಿವೇಶನ ಬಂದಾಗ ಟಿವಿಯಲ್ಲಿ 'ಬ್ರೀಚ್ ಆಫ್ ಪ್ರಿವಿಲೇಜ್' ಅಂತಾರಲ್ಲ?

ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಶಬ್ದ ಮೊದಲೇ ಇದೆ: ಹಕ್ಕುಚ್ಯುತಿ. ಸದನಕ್ಕೆ, ಸದಸ್ಯರಿಗೆ ಸಂವಿಧಾನದ 194ನೇ ವಿಧಿ ಕೆಲವು ವಿಶೇಷ ಹಕ್ಕು ಕೊಟ್ಟಿದೆ. ಅದಕ್ಕೆ ಧಕ್ಕೆ ತಂದರೆ ಹಕ್ಕುಚ್ಯುತಿ. ವಿಷಯ ಹಕ್ಕುಬಾಧ್ಯತಾ ಸಮಿತಿಗೆ ಹೋಗುತ್ತದೆ. ಸದನವೇ ಶಿಕ್ಷೆ ಹೇಳಬಹುದು. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ನಿರ್ಣಯ ಮಾಡಿತ್ತು. ಬರೆದದ್ದಕ್ಕೆ ಸದನವೇ ದೂರುದಾರ, ಸದನವೇ ನ್ಯಾಯಾಧೀಶ ಆಗುವುದು ನನಗಂತೂ ಸರಿ ಕಾಣುವುದಿಲ್ಲ.

ಬ್ರೀಚ್, ವಯಲೇಶನ್, ಇನ್‌ಫ್ರಿಂಜ್‌ಮೆಂಟ್ ಎಲ್ಲಾ ಒಂದೇನಾ?

ಹತ್ತಿರದವು, ಒಂದೇ ಅಲ್ಲ. ನಾನೇ ಒಪ್ಪಿದ್ದನ್ನು ನಾನೇ ಮುರಿದರೆ ಸಾಮಾನ್ಯವಾಗಿ ಬ್ರೀಚ್. ಎಲ್ಲರಿಗೂ ಇರುವ ನಿಯಮ ಮೀರಿದರೆ ವಯಲೇಶನ್. ಸಿಗ್ನಲ್ ಹಾರಿಸುವುದು, ಚುನಾವಣೆ ನೀತಿ ಸಂಹಿತೆ ಮೀರುವುದು ಇಂಥವು. ಇಲ್ಲಿ 'ಉಲ್ಲಂಘನೆ' ಸರಿಯಾಗಿ ಕೂಡುತ್ತದೆ. ಇನ್ನೊಬ್ಬರ ಹಕ್ಕಿನ ಗಡಿಯೊಳಗೆ ಕಾಲಿಟ್ಟರೆ ಇನ್‌ಫ್ರಿಂಜ್‌ಮೆಂಟ್. ಇಳಕಲ್ ಸೀರೆಗೆ ಜಿಐ ಗುರುತು ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ಕಾವಲು. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು ಅಲ್ಲಿನ ನೇಕಾರರ ಕಸುಬು. ಬೇರೆ ಊರಿನ ಪವರ್‌ಲೂಮ್ ಸೀರೆಗೆ ಇಳಕಲ್ ಅಂತ ಹೆಸರು ಹಚ್ಚಿ ಮಾರಿದರೆ ಅದು ಇನ್‌ಫ್ರಿಂಜ್‌ಮೆಂಟ್. ನೇಕಾರರ ಜೊತೆ ಮಾರುವವರು ಯಾವ ಕರಾರೂ ಮಾಡಿಕೊಂಡಿಲ್ಲ, ಆದ್ದರಿಂದ ಬ್ರೀಚ್ ಅನ್ನಲು ಬರುವುದಿಲ್ಲ.

ಆ್ಯಪ್‌ನಿಂದ 'ಡೇಟಾ ಬ್ರೀಚ್' ಆಗಿದೆ ಅಂತ ಇಮೇಲ್ ಬಂತು. ನನ್ನ ದುಡ್ಡು ಹೋಯಿತಾ?

ಹೋಗಿದೆ ಅಂತ ಅಲ್ಲ. ಅವರ ಹತ್ತಿರ ಇದ್ದ ನಿಮ್ಮ ಮಾಹಿತಿ ಹೊರಗಿನವರ ಕೈಗೆ ಸಿಕ್ಕಿದೆ ಅಂತ. ಪತ್ರಿಕೆಯವರು 'ಕನ್ನ' ಅಂತ ಬರೆಯುತ್ತಾರೆ. ಕಳ್ಳರು ಗೋಡೆ ಕೊರೆದು ಒಳನುಗ್ಗುವುದಕ್ಕೆ ಇದ್ದ ಹಳೆ ಶಬ್ದ ಇಲ್ಲಿಗೆ ಚೆನ್ನಾಗಿ ಹೊಂದಿದೆ. ಆ ಇಮೇಲಿನ ಲಿಂಕ್ ಒತ್ತಬೇಡಿ, ಅದೇ ಬಲೆ ಇರಬಹುದು. ನೀವೇ ಆ್ಯಪ್ ತೆರೆದು ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಿಸಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ.

ಮದುವೆ ನಿಶ್ಚಯ ಮಾಡಿ ಮುರಿದರೆ?

ಬರೀ ಮುರಿದದ್ದು ಅಪರಾಧ ಅಲ್ಲ. ಆದ ಖರ್ಚನ್ನು ಸಿವಿಲ್ ಕೋರ್ಟಿನಲ್ಲಿ ಕೇಳಬಹುದು. ಮದುವೆ ಆಗುವ ಮನಸ್ಸೇ ಇಲ್ಲದೆ ಮಾತು ಕೊಟ್ಟು ಹೆಣ್ಣುಮಗಳ ಜೊತೆ ದೈಹಿಕ ಸಂಬಂಧ ಬೆಳೆಸಿದ್ದರೆ ಅದು ನ್ಯಾಯ ಸಂಹಿತೆಯ 69ನೇ ಕಲಂ, 10 ವರ್ಷದವರೆಗೆ ಶಿಕ್ಷೆ. ಮೊದಲೇ ಸುಳ್ಳಾಗಿತ್ತೋ, ಆಮೇಲೆ ಮುರಿಯಿತೋ ಅನ್ನುವುದನ್ನು ಕೋರ್ಟುಗಳು ಬಹಳ ಸೂಕ್ಷ್ಮವಾಗಿ ನೋಡುತ್ತವೆ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸೊಸೆಗೆ 'ಬ್ರೀಚ್' ಅಂತ ಬರೆದಿದ್ದಾರೆ. ಏನು ಒಡೆದಿದೆ?

ಏನೂ ಒಡೆದಿಲ್ಲ ತಾಯಿ. ಉಚ್ಚಾರ ಒಂದೇ, ಶಬ್ದ ಬೇರೆ. ಇಂಗ್ಲಿಷಿನಲ್ಲಿ ಅದರ ಅಕ್ಷರಗಳೂ ಬೇರೆ. ಇದು ಹಿಂಭಾಗ ಅನ್ನುವ ಅರ್ಥದ ಶಬ್ದ. ಮಗುವಿನ ತಲೆ ಕೆಳಗೆ ಇರುವ ಬದಲು ಕುಂಡಿ ಅಥವಾ ಕಾಲು ಕೆಳಗಿದೆ ಅಂತ. ಏಳನೆಯ ತಿಂಗಳಲ್ಲಿ ಹೀಗಿದ್ದ ಎಷ್ಟೋ ಮಕ್ಕಳು ತಾವಾಗಿ ತಿರುಗುತ್ತವೆ. ದಿನ ತುಂಬಿದಾಗಲೂ ಹೀಗೇ ಇರುವುದು ನೂರರಲ್ಲಿ ಮೂರು ನಾಲ್ಕು ಮಾತ್ರ. ಮನೆಯಲ್ಲಿ ಹೊಟ್ಟೆ ಉಜ್ಜಿ ತಿರುಗಿಸಲು ಹೋಗಬೇಡಿ. ಆಪರೇಶನ್ ಸೌಲಭ್ಯ ಇರುವ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ.

ತಿಮಿಂಗಿಲಕ್ಕೂ ಬ್ರೀಚ್ ಅಂತ ಮಗ ಹೇಳಿದ.

ಸರಿಯಾಗೇ ಹೇಳಿದ. ತಿಮಿಂಗಿಲ ನೀರು ಸೀಳಿಕೊಂಡು ಮೇಲೆ ಹಾರಿ ಬೀಳುವುದಕ್ಕೂ ಅದೇ ಶಬ್ದ.

ಬ್ರೀಚ್ ಅಂತ ವಕೀಲರ ನೋಟಿಸ್ ಬಂದರೆ ಮೊದಲು ಏನು ಮಾಡಬೇಕು?

ಲಕೋಟೆ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ. ನಿಮಗೆ ಮುಟ್ಟಿದ ತಾರೀಖನ್ನು ಪೆನ್ನಿನಿಂದ ಬರೆದಿಡಿ. ನೋಟಿಸಿನಲ್ಲಿ ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ಇರುತ್ತದೆ, ಅದನ್ನು ಹುಡುಕಿ. ಫೋನ್ ಮಾಡಿ ಜಗಳ ಆಡಬೇಡಿ, 'ಆಯ್ತು, ತಪ್ಪಾಯ್ತು' ಅಂತ ವಾಟ್ಸಾಪ್ ಕೂಡ ಹಾಕಬೇಡಿ. ಕರಾರು ಪತ್ರ, ರಸೀದಿ, ಪಾಸ್‌ಬುಕ್ ತಗೊಂಡು ವಕೀಲರ ಹತ್ತಿರ ಹೋಗಿ. ದುಡ್ಡು ಕೊಡಲು ಆಗದವರು ಜಿಲ್ಲಾ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ.

ನೀವೇ ನೋಟಿಸ್ ಕೊಡಬೇಕಾದವರಾದರೆ ಮೂರು ವರ್ಷ ನೆನಪಿಡಿ. ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನೋಟಿಸ್ ಕೊಟ್ಟೆ ಅಂತ ಆ ಲೆಕ್ಕ ನಿಲ್ಲುವುದಿಲ್ಲ, ಹಿರಿಯರ ಮುಂದೆ ಪಂಚಾಯಿತಿ ನಡೆಯುತ್ತಿದೆ ಅಂತಲೂ ನಿಲ್ಲುವುದಿಲ್ಲ.